ಪಿಚಕಾರಿಯ ಪಕ್ಕದಲ್ಲಿಟ್ಟ ಗಿಟಾರ್

ಪೆಟ್ಟಿಗೆಯ ಮುಚ್ಚಳ ಎತ್ತಿದ ಕೂಡಲೇ ಮೊದಲು ಬಂದದ್ದು ಟರ್ಪೆಂಟೈನ್ ವಾಸನೆ. ಆಮೇಲೆ ನುಸಿಗುಳಿಗೆ, ಹಳೇ ಮರ, ಒಣಗಿ ಪುಡಿಯಾದ ಗಂಧ, ಒಂದರ ಹಿಂದೊಂದು. ಅರವತ್ತು ವರ್ಷಕ್ಕೂ ಹಿಂದಿನ ಟರ್ಪೆಂಟೈನ್ ಇನ್ನೂ ಅಲ್ಲಿ ಕೂತಿರುವುದು ಸಾಧ್ಯವಿಲ್ಲವೆಂದು ನನಗೆ ಗೊತ್ತು. ಕಾನ್ವೆಂಟಿನಲ್ಲಿ ಕೆಮಿಸ್ಟ್ರಿ ಓದಿದವಳು ನಾನು. ಆದರೂ ಬಂತು, ಬಂದು ಕಣ್ಣೊಳಗೆ ಚುರ್ ಎಂದಿತು. ನಮ್ಮಪ್ಪ ಆನವಟ್ಟಿಯಲ್ಲಿ ದನದ ಡಾಕ್ಟರಾಗಿದ್ದರು. ಕುರಿಗಳ ಗಾಯದಲ್ಲಿ ಹುಳು ಬಿದ್ದರೆ ಟರ್ಪೆಂಟೈನಿನಲ್ಲಿ ಅದ್ದಿದ ಅರಳೆಯನ್ನು ಗಾಯದೊಳಗೆ ತುರುಕುತ್ತಿದ್ದರು. ಅದರ ವಾಸನೆ ಅವರ ಷರಟಿನ ತೋಳಿನಲ್ಲಿ, ಸೈಕಲ್ಲಿನ ಹ್ಯಾಂಡಲ್ಲಿನಲ್ಲಿ, ಅವರು ಕಲಸಿ ಕೊಟ್ಟ ಮೊಸರನ್ನದ ತುತ್ತಿನಲ್ಲೂ ಇರುತ್ತಿತ್ತು. ಅದೇ ಬಾಟಲಿಯಿಂದ ನಾಲ್ಕು ಹನಿ ಕದ್ದು ನಮ್ಮಮ್ಮನ ತಮ್ಮ ಸುಧಾಕರ ಮಾವ ಗಿಟಾರಿನ ತಂತಿ ಒರೆಸುತ್ತಿದ್ದ. ಹಾಗಾಗಿ ಪೆಟ್ಟಿಗೆಯಿಂದ ಎದ್ದು ಬಂದದ್ದು ಅಪ್ಪನೋ ಮಾವನೋ ಎಂದು ತಿಳಿಯದೆ ನಾನು ಸ್ವಲ್ಪ ಹೊತ್ತು ಮುಚ್ಚಳ ಹಿಡಿದುಕೊಂಡೇ ನಿಂತಿದ್ದೆ. ನಿಮಗೂ ಹೀಗಾಗಿರಬಹುದು. ಇಬ್ಬರು ಸತ್ತವರು ಒಂದೇ ಬಾಗಿಲಿನಿಂದ ಒಟ್ಟಿಗೆ ಬಂದುಬಿಟ್ಟರೆ ಯಾರನ್ನು ಮೊದಲು ಮಾತಾಡಿಸುವುದು?

ಪೆಟ್ಟಿಗೆ ತೆಗೆಯಬೇಕಾಗಿ ಬಂದದ್ದು ಮಾನಸಿಯ ಫೋನಿನಿಂದ. ಮಾನಸಿ ಸುಧಾಕರ ಮಾವನ ಮಗಳು, ಪುಣೆಯಲ್ಲಿದ್ದಾಳೆ, ಅವಳಿಗೇ ಐವತ್ತು ದಾಟಿದೆ. ಮಾವ ತೀರಿಕೊಂಡು ಬಹಳ ವರ್ಷಗಳಾದವು. "ಲಲಿತಕ್ಕಾ, ಅಪ್ಪಂದು ಒಂದು ಗಿಟಾರ್ ನಿಮ್ಮಲ್ಲಿದೆಯಂತೆ, ಹೌದಾ? ಒಂದು ಫೋಟೋ ಕಳಿಸ್ತೀರಾ?" ಎಂದಳು. ಆಮೇಲೆ ಸ್ವಲ್ಪ ತಡೆದು, "ನಿಮಗೆ ಬೇಡ ಅಂದ್ರೆ ಮಾತ್ರ ನಾ ತಗೊಂಡು ಹೋಗ್ತೀನಿ" ಎಂದಳು. ಬೇಡ ಎನ್ನಲು ನನಗೇನು ಅಡ್ಡಿ? ಗಂಡನಿಲ್ಲ, ಮಕ್ಕಳಿಲ್ಲ, ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟು ರಿಟೈರ್ ಆಗಿ, ಶಿಕಾರಿಪುರದಲ್ಲಿ ಅಣ್ಣನ ಮನೆಯ ಮಹಡಿಯ ಮೇಲೆ ಇರುವವಳು. ಗಿಟಾರ್ ಆ ಪೆಟ್ಟಿಗೆಯೊಳಗೆ ಮಂಚದ ಕೆಳಗೆ ಇತ್ತು. ಅಪ್ಪನ ಟ್ರಾನ್ಸ್‌ಫರ್‌ಗಳ ಜೊತೆ ಊರೂರು ತಿರುಗಿ, ಅಮ್ಮ ಹೋದ ಮೇಲೆ ನನ್ನ ಪಾಲಿಗೆ ಬಂದದ್ದು. ಅದು ಮಾವನದು, ಮಾವನ ಮಗಳಿಗೆ ಸೇರಬೇಕು. ಫೋಟೋ ತೆಗೆಯುವ ತನಕ ಇದರಲ್ಲಿ ನನಗೆ ಯಾವ ಡೌಟೂ ಇರಲಿಲ್ಲ.

ಆನವಟ್ಟಿಯ ನಮ್ಮ ಮನೆ ದನದ ಆಸ್ಪತ್ರೆಯ ಹಿಂದುಗಡೆ ಇತ್ತು. ಮಧ್ಯದ ಗೋಡೆ ಎದೆಮಟ್ಟದ್ದು, ಆದ್ದರಿಂದ ಆಸ್ಪತ್ರೆ ಎಲ್ಲಿ ಮುಗಿದು ಮನೆ ಎಲ್ಲಿ ಶುರುವಾಗುತ್ತದೆ ಎನ್ನುವುದು ಕುರಿಗಳಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಎದ್ದರೆ ಹಿತ್ತಲಲ್ಲಿ ಕಂಬಳಿ ಹೊದ್ದವರು ಕುಕ್ಕರುಗಾಲಿನಲ್ಲಿ ಕೂತು ಬೀಡಿ ಸೇದುತ್ತಿದ್ದರು. ಅವರ ಮಂದೆಯ ಬ್ಯಾ ಬ್ಯಾ ನಡುವೆ ಅಮ್ಮ ಒಗ್ಗರಣೆ ಹಾಕುತ್ತಿದ್ದಳು. ಹಸಿ ಉಣ್ಣೆ, ಫಿನೈಲು, ಸಾಸಿವೆ ಸಿಡಿದ ಎಣ್ಣೆ, ಈ ಮೂರೂ ಸೇರಿದರೆ ನನಗೆ ಇವತ್ತಿಗೂ ಬೆಳಗಾಗುತ್ತದೆ. ಆ ಮನೆಗೆ ಒಂದು ದಿನ ಸುಧಾಕರ ಮಾವ ಮುಂಬಯಿಯ ಹೋಟೆಲೊಂದರ ವಾದ್ಯಗಾರರ ಗುಂಪಿನಲ್ಲಿದ್ದ ಕೆಲಸ ಬಿಟ್ಟು, ಅಥವಾ ಕೆಲಸವೇ ಅವನನ್ನು ಬಿಟ್ಟು, ಈ ಗಿಟಾರಿನೊಂದಿಗೆ ಬಸ್ಸಿಳಿದು ಬಂದ. ಸಾಧಾರಣ ಗಿಟಾರಿನ ಹಾಗೆ ಇದಕ್ಕೆ ನಡುವೆ ದುಂಡು ಬಾಯಿ ಇಲ್ಲ. ಪಿಟೀಲಿಗಿರುವಂಥ ಎರಡು ಬಾಗಿದ ಸೀಳುಗಳು. ಎದೆ ಚಪ್ಪಟೆಯಲ್ಲ, ಉಸಿರೆಳೆದು ನಿಲ್ಲಿಸಿದವರ ಹಾಗೆ ಉಬ್ಬಿದೆ. ನಡುವೆ ಜೇನಿನ ಬಣ್ಣ, ಅಂಚಿಗೆ ಹೋದಂತೆ ಸೀದ ಬೆಲ್ಲದ ಬಣ್ಣ. ಆನವಟ್ಟಿಯವರು ಅದನ್ನು 'ಡಾಕ್ಟರ ಮನೆ ದೊಡ್ಡ ಪಿಟೀಲು' ಎಂದೇ ಕರೆದರು. ಮಾವ ಮೊದಮೊದಲು ತಿದ್ದಿದ, ಆಮೇಲೆ ಕೈಬಿಟ್ಟ.

ಅವನು ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ನುಡಿಸುತ್ತಿದ್ದ. ಎಡಗೈಯ ಬೆರಳು ತಂತಿಯನ್ನು ಒತ್ತುವುದಿಲ್ಲ. ಒಂದು ಉಕ್ಕಿನ ಕಡ್ಡಿಯನ್ನು ತಂತಿಯ ಮೇಲೆ ಜಾರಿಸಬೇಕು, ಆಗ ಸ್ವರ ನೀರಿನ ಹಾಗೆ ಹರಿಯುತ್ತದೆ. ಆ ಕಡ್ಡಿ ಬಸ್ಸಿನಲ್ಲೇ ಎಲ್ಲೋ ಕಳೆದುಹೋಗಿತ್ತು. ಮಾವ ಎರಡು ದಿನ ಮಂಕಾಗಿ ಕೂತಿದ್ದು, ಮೂರನೇ ದಿನ ಅಪ್ಪ ದನಗಳಿಗೆ ಇಂಜೆಕ್ಷನ್ ಚುಚ್ಚುವ ಪಿಚಕಾರಿಯನ್ನು ಬಿಚ್ಚಿ ಅದರ ದಪ್ಪ ಗಾಜಿನ ಕೊಳವೆಯನ್ನು ತಂತಿಯ ಮೇಲೆ ಜಾರಿಸಿ ನೋಡಿದ. ಉಕ್ಕಿಗಿಂತ ಚೆನ್ನಾಗಿತ್ತಂತೆ. ಅಪ್ಪ ಊಟಕ್ಕೆ ಬಂದವರು ಬಾಗಿಲಲ್ಲೇ ನಿಂತು, "ಏನಯ್ಯ, ಎಮ್ಮೆಗೆ ಚುಚ್ಚೋದ್ರಲ್ಲಿ ರಾಗ ಬೇರೆ ಬರುತ್ತೇನು?" ಎಂದರು. "ಎಮ್ಮೆಗಳೂ ತಲೆದೂಗ್ತಾವೆ ನೋಡ್ರಿ ಭಾವ, ನೀವೊಬ್ರೇ ತೂಗಲ್ಲ" ಎಂದ ಮಾವ. ಅಪ್ಪ ನಕ್ಕರು. ಆಮೇಲಿಂದ ದಿನವೂ ಸಂಜೆ ಆಸ್ಪತ್ರೆ ಬಾಗಿಲು ಹಾಕಿದ ಮೇಲೆ ಕೊಳವೆಯನ್ನು ಬಿಸಿನೀರಿನಲ್ಲಿ ತೊಳೆದು ಮಾವನ ಕೈಗೆ ಕೊಡುತ್ತಿದ್ದವರು ಅಪ್ಪನೇ. ಕತ್ತಲಾಗುವ ಮುಂಚೆ ವಾಪಸು ಕುದಿಯುವ ನೀರಿಗೆ ಹಾಕಬೇಕೆನ್ನುವುದು ಒಪ್ಪಂದ. ಮಾವ ಕಣ್ಣು ಮುಚ್ಚಿ ನುಡಿಸುತ್ತಿದ್ದ. ಶುರು ಮಾಡಿದರೆ ಮುಗಿಯುವ ತನಕ ಎಲ್ಲೂ ನಿಲ್ಲುತ್ತಿರಲಿಲ್ಲ. ಅಮ್ಮ ಅಡುಗೆಮನೆ ಹೊಸ್ತಿಲಲ್ಲಿ ಕೂತು ಹುರುಳಿಯಲ್ಲಿ ಕಲ್ಲು ಆರಿಸುತ್ತಾ ಕೇಳುತ್ತಿದ್ದಳು. ಹಾಡು ಮುಗಿದರೂ ಅವಳ ಮೊರದಲ್ಲಿ ಕಲ್ಲು ಹಾಗೆಯೇ ಇರುತ್ತಿತ್ತು.

ಮೂರು ವರ್ಷ ಹೀಗೆ ನಡೆಯಿತು. ಮುಗಿದದ್ದು ನಾನು ಕಾನ್ವೆಂಟಿಗೆ ಸೇರುವ ಮುಂಚಿನ ಬೇಸಿಗೆಯಲ್ಲಿ. ಒಂದು ಮಧ್ಯಾಹ್ನ ಅಪ್ಪ ಸೈಕಲ್ಲಿನಲ್ಲಿ ಯಾವುದೋ ಹಳ್ಳಿಗೆ ಹೋಗಿದ್ದಾಗ ಮಾವ ಒಪ್ಪಂದ ಮುರಿದು ಪಿಚಕಾರಿ ತೆಗೆದುಕೊಂಡ. ನಾನೇ ಕೇಳಿದ್ದೆ, "ಮಾವಾ, ಒಂದೇ ಒಂದು" ಎಂದು. ಕೈ ಬೆವೆತಿತ್ತೋ ಏನೋ, ಕೊಳವೆ ಜಾರಿ ಕಡಪಾಕಲ್ಲಿನ ನೆಲದ ಮೇಲೆ ಬಿದ್ದು ಒಡೆಯಿತು. ಇನ್ನೊಂದು ಪಿಚಕಾರಿ ಮೊದಲೇ ಸೀಳು ಬಿಟ್ಟಿತ್ತು. ಆ ಸಂಜೆಯೇ ಕುಪ್ಪಗಡ್ಡೆ ಕಡೆಯಿಂದ ಬೀರಪ್ಪ ಎನ್ನುವವನು ಮಂದೆ ಹೊಡೆದುಕೊಂಡು ಬಂದ. ಕುರಿಗಳಿಗೆ ಗಂಟಲುಬೇನೆ. ಔಷಧಿ ಇತ್ತು, ಚುಚ್ಚುವುದಕ್ಕೆ ಇರಲಿಲ್ಲ. ಅಪ್ಪ ಸೊರಬದ ಆಸ್ಪತ್ರೆಗೆ ಹೋಗಿ ಬೇರೆ ಪಿಚಕಾರಿ ತರುವ ಹೊತ್ತಿಗೆ ಮರುದಿನ ಬಿಸಿಲೇರಿತ್ತು. ಹಿತ್ತಲಿನ ಗೋಡೆಯುದ್ದಕ್ಕೂ ಕುರಿಗಳು ಕಾಲು ಚಾಚಿ ಮಲಗಿದ್ದವು. ಬೀರಪ್ಪ ಒಂದೊಂದರ ಕಿವಿ ಹಿಡಿದು ಎಬ್ಬಿಸಲು ನೋಡುತ್ತಿದ್ದ. "ಏಳೇ ನಮ್ಮವ್ವ, ಡಾಕ್ಟ್ರು ಬಂದ್ರು ಏಳು" ಎನ್ನುತ್ತಿದ್ದ. ಅಪ್ಪ ಮಾವನನ್ನು ಬೈಯಲಿಲ್ಲ. ಕೈ ತೊಳೆದುಕೊಂಡು ಬಂದು, "ಹೋಗಿ ಅವನ ಹತ್ರ ಕೂತ್ಕೋ ಸುಧಾಕರ" ಎಂದರು, ಅಷ್ಟೇ. ಮಾವ ಹೋಗಿ ಕೂತ. ಬೀರಪ್ಪ ಇವನ್ಯಾರೆಂದು ತಿಳಿಯದೆ ತನ್ನ ಬೀಡಿಯನ್ನೇ ಇವನಿಗೂ ಕೊಟ್ಟ. ಮಾರನೇ ದಿನ ಬೆಳಗಿನ ಬಸ್ಸಿಗೆ ಮಾವ ಹೊರಟುಹೋದ. ಗಿಟಾರ್ ಮೂಲೆಯಲ್ಲಿ ಗೋಡೆಗೆ ಒರಗಿತ್ತು. ಒಂದೇ ಒಂದು ಎಂದು ಕೇಳಿದವಳು ನಾನೆಂದು ಅವನು ಯಾರಿಗೂ ಹೇಳಲಿಲ್ಲ. ನಾನೂ ಹೇಳಲಿಲ್ಲ, ಇಲ್ಲಿ ಬರೆಯುವ ತನಕ.

ಆ ವರ್ಷದ ಆಯುಧಪೂಜೆಗೆ ಅಮ್ಮ ಮಣೆಯ ಮೇಲೆ ಅಪ್ಪನ ಹೊಸ ಪಿಚಕಾರಿ, ಕತ್ತರಿ, ಸ್ಟೆತಾಸ್ಕೋಪು ಜೋಡಿಸಿದಳು. ಪಕ್ಕಕ್ಕೆ ಗಿಟಾರ್ ತಂದು ಮಲಗಿಸಿದಳು. ಅಪ್ಪ ಮಡಿಯುಟ್ಟು ಬಂದವರು ನೋಡಿ, "ಇದ್ಯಾಕೆ ಇಲ್ಲಿ?" ಎಂದರು. "ಅದೂ ಒಂದು ಆಯುಧಾನೇ ಅಲ್ವ" ಎಂದಳು ಅಮ್ಮ. ಉಬ್ಬಿದ ಎದೆಯ ಮೇಲೆ ಗಂಧ ಇಟ್ಟು ಕುಂಕುಮ ಹಚ್ಚಿದಳು. ಪ್ರತಿ ವರ್ಷವೂ ಹಚ್ಚಿದಳು, ಒಂದೇ ಜಾಗದಲ್ಲಿ. ಪೂಜೆಗಿಟ್ಟ ಆಯುಧವನ್ನು ಆ ದಿನ ಮುಟ್ಟುವ ಹಾಗಿಲ್ಲ. ಮರುದಿನ ವಿಜಯದಶಮಿಯ ಬೆಳಿಗ್ಗೆ ಒಂದು ಸಲವಾದರೂ ಕೈಗೆತ್ತಿಕೊಂಡು ಅದರ ಕೆಲಸ ಅದರಿಂದ ಮಾಡಿಸಲೇಬೇಕು. ನಮ್ಮ ಮನೆಯ ಶಾಸ್ತ್ರ ಅದು. ಅಪ್ಪ ಪಿಚಕಾರಿ ಹಿಡಿದು ಯಾವುದಾದರೂ ಕರುವಿಗೆ ಸೂಜಿ ಹಾಕಿ ಬರುತ್ತಿದ್ದರು. ನಾವು ಮಕ್ಕಳು ಪುಸ್ತಕ ತೆಗೆದು ಒಂದು ಸಾಲು ಓದುತ್ತಿದ್ದೆವು. ಅಮ್ಮ ಈಳಿಗೆಮಣೆ ತೊಳೆದು ಒಂದು ಸೌತೆಕಾಯಿ ಹೆಚ್ಚುತ್ತಿದ್ದಳು.

ಇಲ್ಲಿಂದ ಮುಂದೆ ನನಗೆ ಕನ್‌ಫ್ಯೂಷನ್. ನನ್ನ ನೆನಪಿನಲ್ಲಿ ಒಂದು ಬೆಳಿಗ್ಗೆ ಇದೆ. ಶಿವಮೊಗ್ಗದ ಹಾಸ್ಟೆಲಿನಿಂದ ದಸರಾ ರಜಕ್ಕೆ ಬರುತ್ತಿದ್ದೇನೆ. ಸಿಸ್ಟರ್‌ಗಳು ತಡವಾಗಿ ಕಳಿಸಿದ್ದರಿಂದ ವಿಜಯದಶಮಿಯ ದಿನವೇ ಬಂದು ಇಳಿದಿದ್ದೇನೆ. ಕಾಲಲ್ಲಿ ಕಾನ್ವೆಂಟಿನ ಕರಿ ಶೂ, ಬಿಳಿ ಕಾಲುಚೀಲ. ಟ್ರಂಕು ಕೆಳಗಿಟ್ಟು ಹೊಸ್ತಿಲ ಆಚೆಯೇ ಶೂ ಬಿಚ್ಚುತ್ತಿದ್ದೇನೆ. ಒಳಕೋಣೆಯ ಬಾಗಿಲು ಮುಚ್ಚಿದೆ, ಅದರ ಹಿಂದೆ ಗಿಟಾರ್ ನುಡಿಯುತ್ತಿದೆ. ನಾಲ್ಕು ಸ್ವರ ಏರುತ್ತದೆ, ನಿಲ್ಲುತ್ತದೆ. ಮತ್ತೆ ಮೊದಲಿನಿಂದ ನಾಲ್ಕು, ಮತ್ತೆ ನಿಲ್ಲುತ್ತದೆ. ಮಾವ ಬಂದಿದ್ದಾನೆ ಎಂದುಕೊಂಡು ನನಗೆ ಶೂ ಲೇಸು ಗಂಟಾಗಿಬಿಡುತ್ತದೆ. ಅದನ್ನು ಬಿಡಿಸುವಷ್ಟರಲ್ಲಿ ಸದ್ದು ನಿಂತುಹೋಗುತ್ತದೆ. ಮುಂದೆ ಏನೂ ಇಲ್ಲ, ಫಿಲಂ ಕಟ್ಟಾದ ಹಾಗೆ. ಇಷ್ಟು ವರ್ಷವೂ ಇದನ್ನು ಮಾವನ ನೆನಪೆಂದೇ ಇಟ್ಟುಕೊಂಡಿದ್ದೆ. ಆದರೆ ನಾನು ಶೂ ಹಾಕಿದ್ದೇ ಅವನು ಹೋದ ಮೇಲೆ. ಆಮೇಲೆ ಅವನು ಆನವಟ್ಟಿಗೆ ಬರಲೇ ಇಲ್ಲ. ಎರಡೂ ನಿಜ, ಎರಡೂ ಒಂದಕ್ಕೊಂದು ಹೊಂದುವುದಿಲ್ಲ. ಇಷ್ಟು ಸುಲಭದ ಲೆಕ್ಕ ನನಗೆ ಎಪ್ಪತ್ತು ದಾಟುವ ತನಕ ಹೊಳೆದಿರಲಿಲ್ಲ.

ಹೊಳೆದದ್ದು ಫೋಟೋ ತೆಗೆಯುವಾಗ. ಮೊದಲು ನಾನೇ ನನ್ನ ಫೋನಿನಲ್ಲಿ ತೆಗೆಯಲು ಹೋದೆ. ಫೋನು ಅಲುಗಿ ಗಿಟಾರ್ ಎರಡೆರಡಾಗಿ ಬಂತು. ಒಂದರಲ್ಲಿ ನನ್ನ ಹೆಬ್ಬೆರಳು, ಇನ್ನೊಂದರಲ್ಲಿ ಫ್ಲ್ಯಾಶ್ ಬಿದ್ದು ವಾರ್ನಿಷಿನ ಮೇಲೆ ಬಿಳೀ ಗುಂಡು. ಅಣ್ಣ ಮಹಡಿ ಹತ್ತಿ ಬಂದವನು ನೋಡಿ, "ವಧು ಪರೀಕ್ಷೆಗೆ ಫೋಟೋ ಕಳಿಸ್ತಿದೀಯೇನೆ ಲಲ್ಲಿ? ಸೆರಗು ಸರಿ ಮಾಡು ಅದಕ್ಕೆ" ಎಂದ. ಕೊನೆಗೆ, ಪೆಟ್ಟಿಗೆ ಭಾರವೆಂದು, ಕಂಬಳಿಯಲ್ಲಿ ಸುತ್ತಿಕೊಂಡು ಶಿರಾಳಕೊಪ್ಪದ ಬಸ್ಸು ಹತ್ತಿದೆ. ಅಲ್ಲಿ ಗೌಸ್ ಸಾಹೇಬರ ಸ್ಟುಡಿಯೋ ಇದೆ. ಈಗ ಅವರ ಮಗ ಅಲ್ಲಿ ಮೊಬೈಲ್ ಕವರ್ ಮಾರುತ್ತಾನೆ. ಗೌಸ್ ಮಾತ್ರ ಹಿಂದಿನ ಕೋಣೆಯಲ್ಲಿ ತಮ್ಮ ಹಳೇ ಕ್ಯಾಮೆರಾ ಒರೆಸುತ್ತಾ ಕೂತಿರುತ್ತಾರೆ. ನನಗಿಂತ ನಾಲ್ಕು ವರ್ಷ ದೊಡ್ಡವರು, ಆದರೂ ಟೀಚರಾಗಿದ್ದವಳೆಂದು ನನ್ನನ್ನು ಅಕ್ಕೋರೆ ಎನ್ನುತ್ತಾರೆ. ಅವರ ತಂದೆ ಇಮಾಮ್ ಸಾಬರು ಆ ಕಾಲದಲ್ಲಿ ಛತ್ರಿ, ಹಾರ್ಮೋನಿಯಂ, ಗ್ಯಾಸ್‌ಲೈಟು, ಏನು ಕೊಟ್ಟರೂ ರಿಪೇರಿ ಮಾಡುತ್ತಿದ್ದರು.

ಕಂಬಳಿ ಬಿಚ್ಚಿದ ಕೂಡಲೇ ಗೌಸ್, "ಅರೆ, ಇದು ಡಾಕ್ಟರಮ್ಮಾರ ಪಿಟೀಲಲ್ವಾ!" ಎಂದರು.

"ನಮ್ಮ ಮಾವಂದು" ಎಂದೆ.

"ಮಾವಂದೋ ಯಾರ್ದೋ ನಂಗೆ ಗೊತ್ತಿಲ್ಲ ಅಕ್ಕೋರೆ. ತಂತಿಗೆ ಬರ್ತಿದ್ದೋರು ನಿಮ್ಮ ಅಮ್ಮಾರು. ದಸರಾಕ್ಕೆ ಎಂಟು ದಿನ ಇದೆ ಅನ್ನೋವಾಗ ಬಸ್ಸಲ್ಲಿ ಬರೋರು. ಆರು ತಂತೀಲಿ ಒಂದೇ ತಂತಿ, ಸಣ್ಣದು. ನಮ್ಮ ಅಬ್ಬಾ ಹಾವೇರಿಯಿಂದ ತರಿಸಿಡೋರು. 'ಇನ್ನೈದೂ ಹಾಕ್ಸಿ ಅಮ್ಮಾರೆ' ಅಂದ್ರೆ 'ಒಂದು ಸಾಕು ಸಾಬ್ರೆ, ನಂಗೆ ಅಷ್ಟೇ ಬರೋದು' ಅನ್ನೋರು."

ಗೌಸ್ ಹಿತ್ತಲ ಬೆಳಕಿನಲ್ಲಿ ಬಿಳೀ ಬೆಡ್‌ಶೀಟು ಹಾಸಿ ಗಿಟಾರನ್ನು ಮಗುವಿನ ಹಾಗೆ ಮಲಗಿಸಿದರು. ಮುಂದೆ, ಹಿಂದೆ, ತಲೆ, ಬೆನ್ನು, ಎಲ್ಲ ತೆಗೆದರು. ಕುತ್ತಿಗೆಯ ಹತ್ತಿರ ಬಂದಾಗ ಕ್ಯಾಮೆರಾ ಕೆಳಗಿಟ್ಟು ಭೂತಗನ್ನಡಿ ತೆಗೆದುಕೊಂಡರು. "ನೋಡ್ರಿ ಇಲ್ಲಿ" ಎಂದರು. ವೀಣೆಗಿರುವ ಹಾಗೆ ಲೋಹದ ಮೆಟ್ಟಿಲುಗಳಿವೆಯಲ್ಲ, ಅವು ಅಂಗಡಿಯಿಂದ ತಂದಂತೆ ಹೊಸದಾಗಿದ್ದವು. ಜಾರಿಸಿ ನುಡಿಸಲು ಮಾವ ತಂತಿಗಳನ್ನು ಎತ್ತರಕ್ಕೆ ಏರಿಸಿದ್ದ, ಆದ್ದರಿಂದ ಯಾವ ತಂತಿಯೂ ಮೆಟ್ಟಿಲಿಗೆ ತಾಗಿರಲಿಲ್ಲ. ಸಣ್ಣ ತಂತಿಯ ಕೆಳಗೆ ಮಾತ್ರ, ಮೂರು ಮೆಟ್ಟಿಲುಗಳ ಮೇಲೆ, ಉಗುರು ಊರಿದಷ್ಟು ಚಿಕ್ಕ ಹಳ್ಳ. "ಇಷ್ಟೆತ್ತರದ ತಂತೀನ ಅದುಮಿ ಇಲ್ಲಿಗೆ ಮುಟ್ಸಬೇಕು ಅಂದ್ರೆ ಬೆರಳು ಕುಯ್ದು ಹೋಗುತ್ತೆ ಅಕ್ಕೋರೆ. ಯಾರೋ ಹಟ ಮಾಡಿದಾರೆ" ಎಂದರು ಗೌಸ್. ಬೆರಳಿಡದೆ ಮೀಟಿದ ತಂತಿಯದೊಂದು ಸ್ವರ, ಈ ಮೂರು ಹಳ್ಳದ ಮೂರು. ಆ ಬೆಳಿಗ್ಗೆ ಬಾಗಿಲ ಹಿಂದೆ ನಾನು ಕೇಳಿದ್ದೂ ನಾಲ್ಕೇ.

ಮನೆಗೆ ಬಂದು ಅಣ್ಣನಿಗೆ ಹೇಳಿದೆ. ಅವನು ಶೇಂಗಾ ಸುಲಿಯುತ್ತಿದ್ದ. "ಅಮ್ಮನಾ? ಅಮ್ಮ ಹಸೆ ಮುಂದೆ ಕೂತು ಒಂದು ಹಾಡು ಹೇಳಿದ್ದು ನಾ ಕಾಣೆ. ಗೌಸ್‌ಗೆ ವಯಸ್ಸಾಗಿದೆ. ನಿಂಗೂ ಆಗಿದೆ."

"ಹಬ್ಬದಲ್ಲಿ ಅಮ್ಮನ ಎಡಗೈ ಬೆರಳಿಗೆ ಅರಿಸಿನ ಮೆತ್ತಿರ್ತಿತ್ತು. ಈಳಿಗೆ ತಾಗ್ತು ಅಂತಿದ್ಲು. ನೆನಪಿಲ್ವಾ?"

"ಅಡುಗೆ ಮಾಡೋರ ಬೆರಳಿಗೆ ಅರಿಸಿನ ಇರದೆ ಇನ್ನೇನು ಶಾಯಿ ಇರುತ್ತಾ?" ಎಂದ ಅಣ್ಣ. ಆಮೇಲೆ ಸಿಪ್ಪೆ ಕೊಡವಿ, "ಆ ದಿನ ನೀ ಕೇಳಿದ್ದು ರೇಡಿಯೋ ಇರಬೇಕು" ಎಂದ. ಆಗ ನಮ್ಮ ಮನೆಯಲ್ಲಿ ರೇಡಿಯೋ ಇತ್ತೇ? ಇತ್ತು ಎನ್ನುತ್ತಾನೆ ಅವನು. ಇರಲಿಲ್ಲ ಎಂದು ನನಗನಿಸುತ್ತದೆ. ನಿಜ ಹೇಳಬೇಕೆಂದರೆ ಆ ಅರಿಸಿನದ ಬೆರಳನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೆನೋ, ಗೌಸ್ ಮಾತು ಕೇಳಿ ಬಸ್ಸಿನಲ್ಲಿ ಬರುತ್ತಾ ಕಲ್ಪಿಸಿಕೊಂಡೆನೋ, ಅದೇ ನನಗೆ ಗೊತ್ತಾಗುತ್ತಿಲ್ಲ. ಎಡಗೈ ಈಳಿಗೆಗೆ ತಾಗುವುದಾದರೂ ಹೇಗೆ, ತಾಗುತ್ತದೆಯೇ ಎಂದು ಅಡುಗೆಮನೆಯಲ್ಲಿ ಕೂತು ಸೌತೆಕಾಯಿ ಹೆಚ್ಚಿ ನೋಡಿದೆ. ಎರಡು ಕೈಗೂ ತಾಗುತ್ತದೆ.

ಫೋಟೋಗಳನ್ನು ಹದಿನೈದು ದಿನ ಕಳಿಸಲಿಲ್ಲ. ಅದು ಅಮ್ಮ ಬೆರಳು ಕುಯ್ದುಕೊಂಡು ನುಡಿಸಿದ ಗಿಟಾರಾದರೆ ಅದನ್ನು ಹೇಗೆ ಕೊಡುವುದು? ಅಮ್ಮನದು ಎಂದು ನನ್ನ ಹತ್ತಿರ ಬೇರೇನೂ ಇಲ್ಲ. ಸೀರೆಗಳು ಹರಿದವು, ಪಾತ್ರೆಗಳು ಹಂಚಿಹೋದವು. ಮಾವನದಾದರೆ ಇಟ್ಟುಕೊಳ್ಳುವುದು ಕಳ್ಳತನ. ಮಾನಸಿ ಕೇಳಲಿಲ್ಲ, ಜೋರು ಮಾಡಲಿಲ್ಲ. ಹದಿನಾರನೇ ದಿನ ನಾಚಿಕೆಯಾಗಿ ಕಳಿಸಿದೆ. ಮುಂದಿನ ವಾರ ಅವಳೇ ಬಂದಿಳಿದಳು.

ಕೆರೆ ಏರಿಯ ಕಡೆಯ ಕಿಟಕಿಯ ಬೆಳಕಿನಲ್ಲಿ ಗಿಟಾರ್ ಮಂಚದ ಮೇಲಿತ್ತು. ಮಾನಸಿ ಮುಟ್ಟದೆ ಸುಮ್ಮನೆ ನೋಡಿದಳು. ಅವಳದು ಮಾವನದೇ ಹಣೆ, ಮಾವನದೇ ಕಿವಿ. "ಅಪ್ಪ ಮನೆಯಲ್ಲಿ ಹಾಡು ಹಾಕಲು ಬಿಡ್ತಿರಲಿಲ್ಲ ಅಕ್ಕಾ. ನಾವು ಟೇಪ್‌ರೆಕಾರ್ಡರ್ ಹಾಕಿದ್ರೆ ಎದ್ದು ಹೊರಗೆ ಹೋಗೋರು. ಹೈವೇಲಿ ಕುರಿಮಂದೆ ಅಡ್ಡ ಬಂದ್ರೆ ಕಾರಲ್ಲಿ ಕಣ್ಣು ಮುಚ್ಕೊಳ್ಳೋರು. ಕೊನೆ ದಿನಗಳಲ್ಲಿ ಮಾತ್ರ, 'ಅಕ್ಕನ ಮನೇಲಿ ನನ್ನ ಗಿಟಾರ್ ಇದೆ' ಅಂದ್ರು. ನಾವು ನಂಬಲೇ ಇಲ್ಲ." ಅವಳ ಕಣ್ಣು ತುಂಬಿತ್ತು. "ಯಾಕೆ ಬಿಟ್ರು? ನಿಮಗೆ ಗೊತ್ತಾ?"

ಹೇಳಿದೆ. ಕೊಳವೆ, ಬೀರಪ್ಪ, ಗೋಡೆಯುದ್ದದ ಕುರಿಗಳು, ಒಂದೇ ಒಂದು ಎಂದು ಕೇಳಿದವಳು ನಾನು, ಎಲ್ಲ. ಅವಳು ನನ್ನ ಕೈ ಹಿಡಿದುಕೊಂಡಳು. "ನಿಮಗೆ ಆಗ ಒಂಬತ್ತು ವರ್ಷ ಅಕ್ಕಾ" ಎಂದಳು. ಹೌದು, ಒಂಬತ್ತು. ಆದರೆ ಕುರಿಗಳಿಗೆ ಅದು ಗೊತ್ತಿರಲಿಲ್ಲ. ಆಮೇಲೆ ಅವಳು ಗಿಟಾರಿನ ಎದೆಯ ಮೇಲೆ ಬೆರಳಿಟ್ಟು, "ಇದೇನು ಕೆಂಪು ಕಲೆ? ಪಾಲಿಷ್ ಮಾಡಿದ್ರೆ ಹೋಗುತ್ತಾ?" ಎಂದಳು. ಅಮ್ಮನ ಕುಂಕುಮ ವಾರ್ನಿಷಿನ ಒಳಗೇ ಇಳಿದಿತ್ತು, ಒಂದು ರೂಪಾಯಿ ನಾಣ್ಯದಷ್ಟಗಲ. "ಅದು ಹೋಗಬಾರದು" ಎಂದೆ. ಆ ಮಾತು ಬಾಯಿಂದ ಬಂದ ಮೇಲೆ, ಕೊಡುತ್ತಿದ್ದೇನೆ ಎಂದು ನನಗೇ ಗೊತ್ತಾಯಿತು. ಗೌಸ್ ಹೇಳಿದ್ದನ್ನು ಹೇಳಲಿಲ್ಲ. ಹೇಳಿದ್ದರೆ ಅವಳು ಬಿಟ್ಟುಹೋಗುತ್ತಿದ್ದಳು, ಆ ಹುಡುಗಿ ಅಂಥವಳು. ಒಂದೇ ಒಂದು ಕೇಳಿದೆ. ಆಯುಧಪೂಜೆಗೆ ಇದಕ್ಕೆ ಗಂಧ-ಕುಂಕುಮ ಇಡು, ವಿಜಯದಶಮಿ ಬೆಳಿಗ್ಗೆ ಒಂದು ಸಲ ನುಡಿಸು. "ನಂಗೆ ಬರಲ್ಲ ಅಕ್ಕಾ, ಅ ಆ ಇ ಈನೂ ಬರಲ್ಲ" ಎಂದಳು. "ಸಣ್ಣ ತಂತಿ ಒಂದೇ ಸಾಕು" ಎಂದೆ. ಆಟೋ ಹತ್ತುವಾಗ ಪೆಟ್ಟಿಗೆಯನ್ನು ಅವಳು ಮಡಿಲಲ್ಲೇ ಇಟ್ಟುಕೊಂಡಳು. ಅಣ್ಣ ಗೇಟಿನ ತನಕ ಬಂದ, ಏನೋ ತಮಾಷೆ ಮಾಡುತ್ತಾನೆಂದು ಕಾದೆ, ಮಾಡಲಿಲ್ಲ. ಒಳಗೆ ಹೋಗುತ್ತಾ, "ರೇಡಿಯೋ ನಾವು ತಗೊಂಡಿದ್ದು ಸೊರಬಕ್ಕೆ ಹೋದ ಮೇಲೆ ಇರಬೇಕು ಕಣೆ" ಎಂದ.

ಮಂಚದ ಕೆಳಗೆ ಈಗ ಖಾಲಿ ಜಾಗ. ಗುಡಿಸುವಾಗ ಪೊರಕೆ ಅಲ್ಲಿ ತಾನಾಗಿಯೇ ನಿಧಾನವಾಗುತ್ತದೆ. ಗೌಸ್ ತೆಗೆದ ಹದಿನೆಂಟು ಫೋಟೋಗಳು ಫೋನಿನಲ್ಲಿವೆ, ವಾಸನೆಯಿಲ್ಲದ ಫೋಟೋಗಳು. ಈ ಸಲದ ವಿಜಯದಶಮಿಯ ಬೆಳಿಗ್ಗೆ ನಾನು ಶಾಸ್ತ್ರಕ್ಕೆಂದು ಹಳೇ ಗ್ರಾಮರ್ ಪುಸ್ತಕ ತೆಗೆದು ಒಂದು ಸಾಲು ಓದಿದೆ. ಫೋನು ಟಿಣ್ ಎಂದಿತು. ಮಾನಸಿಯಿಂದ ವಾಯ್ಸ್ ಮೆಸೇಜು. ಮೇಜಿನ ಮೇಲೆ ಇಟ್ಟು ಒತ್ತಿದೆ. ಹಿಂದೆಲ್ಲೋ ಕುಕ್ಕರಿನ ಸೀಟಿ, ಒಂದು ಬಾಗಿಲು ಹಾಕಿದ ಸದ್ದು. ಆಮೇಲೆ ಒಂದೇ ತಂತಿ. ಹೆದರಿ ಹೆದರಿ ಮೂರು ಸ್ವರ ಏರಿತು, ನಾಲ್ಕನೆಯದು ತಪ್ಪಿತು, ನಿಂತಿತು. ಮತ್ತೆ ಮೊದಲಿನಿಂದ. ಮತ್ತೆ ಅಲ್ಲಿಗೇ ಬಂದು ನಿಂತಿತು. ಬೆರಳಿಗೆ ನೋವಾಗಿ ಯಾರೋ ಮೆಲ್ಲಗೆ ಸ್ ಎಂದು ಉಸಿರೆಳೆದುಕೊಂಡರು.

ಸುಧಾಕರ ಮಾವ ಯಾವತ್ತೂ ನಡುವೆ ನಿಲ್ಲಿಸಿದವನಲ್ಲ.

ಆ ದಿನ ಲೇಸಿನ ಗಂಟು ಬೇಗ ಬಿಚ್ಚಿದ್ದರೆ, ಓಡಿಹೋಗಿ ಆ ಬಾಗಿಲು ತಳ್ಳಿದ್ದರೆ ಯಾರನ್ನು ನೋಡುತ್ತಿದ್ದೆನೋ, ಈಗಲೂ ಆಣೆ ಮಾಡಿ ಹೇಳಲಾರೆ. ಇನ್ನೊಂದು ಸಲ ಹಾಕಿ ಕೇಳಿದೆ. ಈ ಸಲ ಫೋನನ್ನು ಒಳಕೋಣೆಯಲ್ಲಿಟ್ಟು, ಬಾಗಿಲು ಮುಂದೆ ಮಾಡಿ, ಹೊಸ್ತಿಲ ಆಚೆ ಬಂದು ನಿಂತುಕೊಂಡೆ.